ಲೆಕ್ಕಕ್ಕೆ ಬಾರದ ಋಣ: ದಕ್ಷಿಣ ಕನ್ನಡದ ಬ್ಯಾಂಕುಗಳ ಬೆಳವಣಿಗೆಯ ಒಂದು ಮುಖ

1906ನೆಯ ಇಸವಿ ಅಕ್ಟೋಬರ್ 22, ಸೋಮವಾರ. ಮದರಾಸಿನ ಕಡಲದಂಡೆಯ ಬೀದಿಯಲ್ಲಿದ್ದ ಆರ್ಬತ್‌ನಾಟ್ ಕಂಪೆನಿಯು ಅಂದು ಹಣ ಕೊಡುವುದನ್ನು ನಿಲ್ಲಿಸಿತು. ಪ್ಯಾರಿ, ಬಿನ್ನಿ, ಆರ್ಬತ್‌ನಾಟ್ ಎಂಬ ಮೂರು ಹೆಸರುಗಳು ಆ ಕಾಲದ ಮದರಾಸಿನ ವಾಣಿಜ್ಯವನ್ನು ಆಳುತ್ತಿದ್ದುವು. ಅವುಗಳಲ್ಲಿ ಅತ್ಯಂತ ಭದ್ರವೆಂದು ಜನ ನಂಬಿದ್ದುದು ಆರ್ಬತ್‌ನಾಟನ್ನೇ. ಅದರಲ್ಲಿ ಹಣವಿಟ್ಟು ಕಳೆದುಕೊಂಡವರು ಸುಮಾರು 7,000 ಮಂದಿ. ಸಂಸ್ಥೆಯ ಮುಖ್ಯಸ್ಥನಾಗಿದ್ದ ಸರ್ ಜಾರ್ಜ್ ಆರ್ಬತ್‌ನಾಟನಿಗೆ ಹದಿನೆಂಟು ತಿಂಗಳ ಕಠಿಣ ಸಜೆಯಾಯಿತು. ಈ ಪತನದಿಂದ ಪಾಠ ಕಲಿತ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರರೂ ಅವರ ಮಿತ್ರರೂ ಕಟ್ಟಿದ ಇಂಡಿಯನ್ ಬ್ಯಾಂಕು 1907ರ ಆಗಸ್ಟ್ 15ರಂದು ವ್ಯವಹಾರವನ್ನಾರಂಭಿಸಿತು. ಇಷ್ಟು ಕಥೆ ಚೆನ್ನೈಯಲ್ಲಿ ನೆಲಸಿರುವ ಕನ್ನಡಿಗರಿಗೆ ಹೊಸದಲ್ಲ.

ಆದರೆ ಈ ಕಥೆಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಅಂಶವೊಂದುಂಟು. ಆರ್ಬತ್‌ನಾಟ್ ಪಾಲುದಾರರ ಖಾಸಗಿ ಸಂಸ್ಥೆಯಾಗಿತ್ತು. ಹಣವಿಟ್ಟವರಿಗೆ ತನ್ನ ಲೆಕ್ಕವನ್ನು ತೆರೆದು ತೋರಿಸಬೇಕಾದ ಕಟ್ಟುಪಾಡು ಅದಕ್ಕಿರಲಿಲ್ಲ. ವ್ಯಾಪಾರ ಬೆಳೆಯಿತು, ಆ ವ್ಯಾಪಾರವನ್ನು ಅರಿಯುವ, ಅಳೆಯುವ, ತಡೆಯುವ ವ್ಯವಸ್ಥೆ ಅದರೊಡನೆ ಬೆಳೆಯಲಿಲ್ಲ. ಹೀಗೆ ಬೆಳವಣಿಗೆಯ ಅವಸರದಲ್ಲಿ ಮುಂದಕ್ಕೆ ತಳ್ಳಿದ ಕೆಲಸವೂ ಒಂದು ಬಗೆಯ ಸಾಲವೇ. ಹಣದ ಸಾಲ ಪುಸ್ತಕದಲ್ಲಿ ಕಾಣುತ್ತದೆ. ಈ ಸಾಲ ಕಾಣುವುದಿಲ್ಲ. ಬಡ್ಡಿ ಮಾತ್ರ ಎರಡಕ್ಕೂ ಒಂದೇ ರೀತಿಯಲ್ಲಿ ಬೆಳೆಯುತ್ತದೆ. 1992ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದ ಗಣಕತಜ್ಞ, ಹಣಹೂಡಿಕೆಯ ಲೆಕ್ಕವಿಡುವ ತಂತ್ರಾಂಶವೊಂದನ್ನು ರಚಿಸಿದ ಅನುಭವವನ್ನು ನಿರೂಪಿಸುತ್ತ, ತರಾತುರಿಯಲ್ಲಿ ಬರೆದ ಕ್ರಮವಿಧಿಯನ್ನು ಸಾಲಕ್ಕೆ ಹೋಲಿಸಿದನು. ಸಣ್ಣ ಸಾಲ ಕೆಲಸವನ್ನು ಚುರುಕುಗೊಳಿಸುತ್ತದೆ, ಬೇಗ ತೀರಿಸದಿದ್ದರೆ ಅಪಾಯ ಎಂಬುದು ಅವನ ಅಭಿಪ್ರಾಯ. ಇದೇ ಮುಂದೆ 'ತಾಂತ್ರಿಕ ಋಣ'ವೆಂದು ಪ್ರಸಿದ್ಧವಾಯಿತು. ಹೆಸರು ಹೊಸದಾದರೂ ವಸ್ತು ಹಳೆಯದು. ದಕ್ಷಿಣ ಕನ್ನಡದ ಬ್ಯಾಂಕುಗಳ ಚರಿತ್ರೆಯಲ್ಲಿ ಅದರ ಹುಟ್ಟು, ಬೆಳವಣಿಗೆ, ಪರಿಹಾರ ಮೂರನ್ನೂ ಕಾಣಬಹುದು.

ದಕ್ಷಿಣ ಕನ್ನಡವು 1956ರವರೆಗೆ ಮದರಾಸು ಆಡಳಿತಕ್ಕೆ ಸೇರಿದ್ದ ಜಿಲ್ಲೆ. 1906ರ ಮಾರ್ಚಿಯಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ, ಮುಂದೆ ಕಾರ್ಪೊರೇಷನ್ ಬ್ಯಾಂಕು ಎನಿಸಿದ ಸಂಸ್ಥೆ ಹುಟ್ಟಿತು. ಜುಲೈ 1ರಂದು ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು, ಮುಂದೆ ಕೆನರಾ ಬ್ಯಾಂಕಾದ ನಿಧಿಯನ್ನು ಸ್ಥಾಪಿಸಿದರು. ಎರಡೂ ಆರ್ಬತ್‌ನಾಟ್ ಪತನಕ್ಕೆ ಕೆಲವು ತಿಂಗಳು ಮೊದಲೇ ಹುಟ್ಟಿದವು. ಆದುದರಿಂದ ಅವು ಆ ಪತನದ ಫಲವೆಂದು ಹೇಳುವಂತಿಲ್ಲ. ಮುಂದೆ 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಮೂಲಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕು ಇದೇ ನೆಲದಲ್ಲಿ ತಲೆಯೆತ್ತಿದವು.

ಇವುಗಳಲ್ಲಿ ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಇವರು ಕಟ್ಟಿದ ಸಂಸ್ಥೆ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯನ್ನು ವಿಶೇಷವಾಗಿ ಗಮನಿಸಬೇಕು. ಬ್ಯಾಂಕಿನ ಪ್ರತಿನಿಧಿ ಮನೆಮನೆಗೂ ಅಂಗಡಿ ಅಂಗಡಿಗೂ ಹೋಗಿ ದಿನಕ್ಕೆ ಎರಡಾಣೆಯಷ್ಟು ಅಲ್ಪಮೊತ್ತವನ್ನೂ ಸಂಗ್ರಹಿಸುತ್ತಿದ್ದನು. ಬಡವನ ಬಳಿಗೆ ಬ್ಯಾಂಕೇ ನಡೆದುಹೋದ ಈ ಯೋಜನೆಯನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೆ ಕೊಂಡಾಡುವವರು ಅದರ ಹಿಂದಿನ ಲೆಕ್ಕದ ಭಾರವನ್ನು ನೆನೆಯುವುದು ವಿರಳ. ಒಬ್ಬ ಪ್ರತಿನಿಧಿಗೆ ಇನ್ನೂರು ಮಂದಿ ಠೇವಣಿದಾರರು, ತಿಂಗಳಿಗೆ ಇಪ್ಪತ್ತೈದು ದಿನ ಸಂಗ್ರಹ ಎಂದು ಭಾವಿಸಿದರೆ, ಅವನೊಬ್ಬನಿಂದಲೇ ತಿಂಗಳಿಗೆ 5,000 ನಮೂದುಗಳಾಗುತ್ತವೆ. ಪ್ರತಿಯೊಂದೂ ಠೇವಣಿದಾರನ ಚೀಟಿಯಲ್ಲಿ, ಪ್ರತಿನಿಧಿಯ ಪುಸ್ತಕದಲ್ಲಿ, ಬ್ಯಾಂಕಿನ ಖಾತೆಯಲ್ಲಿ ಒಂದೇ ಆಗಿರಬೇಕು. ಮೊತ್ತ ಎರಡಾಣೆಯೆಂದು ನಮೂದಿಸುವ ಶ್ರಮವೇನೂ ಕಡಿಮೆಯಾಗದು. ತಾಳೆ ನೋಡುವ ಕೆಲಸವನ್ನು ಒಂದು ವಾರ ಮುಂದಕ್ಕೆ ಹಾಕಿದರೆ ತಪ್ಪು ಒಂದು ವಾರ ಹಳೆಯದಾಗುತ್ತದೆ. ಒಂದು ವರ್ಷ ಹಾಕಿದರೆ ಅದನ್ನು ನೆನಪಿಟ್ಟವನೇ ಉಳಿದಿರುವುದಿಲ್ಲ.

ಇದಕ್ಕಿಂತ ಜಟಿಲವಾದುದು ಶಾಖಾಂತರ ಲೆಕ್ಕ. ಮಂಗಳೂರಿನ ಶಾಖೆ ಮದರಾಸಿನ ಮೇಲೆ ಒಂದು ಡ್ರಾಫ್ಟನ್ನು ಕೊಟ್ಟಿತೆನ್ನೋಣ. ಮಂಗಳೂರಿನವರು ಹಣ ಪಡೆದು ಪ್ರಧಾನ ಕಚೇರಿಯ ಹೆಸರಿಗೆ ಜಮೆ ಬರೆದು, ಅದರ ಸೂಚನೆಯನ್ನು ಅಂಚೆಯಲ್ಲಿ ಕಳುಹಿಸುತ್ತಾರೆ. ಮದರಾಸಿನವರು ಹಣ ಕೊಟ್ಟು ಅದೇ ಕಚೇರಿಯ ಹೆಸರಿಗೆ ಖರ್ಚು ಬರೆಯುತ್ತಾರೆ. ಎರಡು ನಮೂದುಗಳನ್ನೂ ಪ್ರಧಾನ ಕಚೇರಿಯಲ್ಲಿ ಜೋಡಿಸಿದಾಗ ಮಾತ್ರ ವ್ಯವಹಾರ ಮುಗಿದಂತೆ. ಸೂಚನೆ ದಾರಿಯಲ್ಲಿ ತಪ್ಪಿದರೆ, ಅಂಕಿಯೊಂದು ಹಿಂದುಮುಂದಾದರೆ ಒಂಟಿ ನಮೂದು ಹಾಗೆಯೇ ಉಳಿಯುತ್ತದೆ. ಒಂಟಿ ಜಮೆ ಯಾರಿಗೋ ಕೊಡಬೇಕಾದ ಹಣ. ಒಂಟಿ ಖರ್ಚಾದರೋ ಹಣ ಹೊರಗೆ ಹೋಗಿದೆ, ಏಕೆ ಹೋಯಿತೆಂಬುದಕ್ಕೆ ಆಧಾರವಿಲ್ಲ. ವಂಚಕನಿಗೆ ಅಡಗಲು ಇದಕ್ಕಿಂತ ಒಳ್ಳೆಯ ಮರೆ ಬೇಕಿಲ್ಲ.

1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ ಹದಿನಾಲ್ಕು ಬ್ಯಾಂಕುಗಳಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದುವು; 1980ರಲ್ಲಿ ಕಾರ್ಪೊರೇಷನ್, ವಿಜಯಾ ಸೇರಿದವು. 1969ರಲ್ಲಿ ದೇಶದಲ್ಲಿದ್ದ ಬ್ಯಾಂಕು ಶಾಖೆಗಳು 8,262. 1991ರ ಹೊತ್ತಿಗೆ ಸುಮಾರು 60,000. ಈ ವಿಸ್ತರಣೆ ಹಳ್ಳಿಗಳಿಗೆ ಮಾಡಿದ ಉಪಕಾರ ಸಣ್ಣದಲ್ಲ. ಆದುದರಿಂದ ಅಂದು ಸಂಸ್ಥೆಗಳು ಹೊತ್ತ ಋಣವನ್ನು ತಪ್ಪೆಂದು ನಿಂದಿಸಲಾಗದು. ತಾಳೆಯ ಕೆಲಸ ಪೂರ್ಣವಾಗುವವರೆಗೆ ಶಾಖೆ ತೆರೆಯಕೂಡದೆಂದಿದ್ದರೆ ಅನೇಕ ಗ್ರಾಮಗಳು ಇನ್ನೂ ಲೇವಾದೇವಿಗಾರನ ಕೈಯಲ್ಲಿಯೇ ಇರುತ್ತಿದ್ದುವು. ದೋಷವಿದ್ದುದು ಸಾಲ ಮಾಡಿದುದರಲ್ಲಲ್ಲ, ತೀರಿಸುವ ದಿನವನ್ನು ಗೊತ್ತುಮಾಡದಿದ್ದುದರಲ್ಲಿ.

ಆ ದಿನವನ್ನು ಗೊತ್ತುಮಾಡಲು ಒಂದು ಆಘಾತವೇ ಬೇಕಾಯಿತು. 1992ರ ಸಾಲಪತ್ರ ಹಗರಣವನ್ನು ವಿಚಾರಿಸಿದ ಜಾನಕಿರಾಮನ್ ಸಮಿತಿಯ ವರದಿಗಳು ಒಬ್ಬ ದಲ್ಲಾಳಿಯ ಚಾತುರ್ಯವನ್ನಷ್ಟೇ ಬಯಲಿಗೆಳೆಯಲಿಲ್ಲ. ಸರ್ಕಾರಿ ಸಾಲಪತ್ರಗಳ ವರ್ಗಾವಣೆಯನ್ನು ಆಗ ಕೈಬರಹದ ಪುಸ್ತಕಗಳಲ್ಲಿ ದಾಖಲಿಸಲಾಗುತ್ತಿತ್ತು. ಅದರಿಂದಾಗುತ್ತಿದ್ದ ತಡವನ್ನು ದಾಟಲು ಬ್ಯಾಂಕುಗಳು ಪರಸ್ಪರ ರಶೀದಿಗಳನ್ನು ಕೊಡುವ ವಾಡಿಕೆ ಬೆಳೆದಿತ್ತು. ತಾತ್ಕಾಲಿಕ ಅನುಕೂಲವೇ ನಿಯಮವಾಗಿ, ಕೊನೆಗೆ ಪತ್ರವಿಲ್ಲದ ರಶೀದಿಗಳು ಚಲಾವಣೆಗೆ ಬಂದವು.

ಅನಂತರದ ವರ್ಷಗಳಲ್ಲಿ ರಿಸರ್ವ್ ಬ್ಯಾಂಕು ಶಾಖಾಂತರ ಲೆಕ್ಕದ ವಿಷಯದಲ್ಲಿ ಕೈಗೊಂಡ ಕ್ರಮ ಸರಳವೂ ಪರಿಣಾಮಕಾರಿಯೂ ಆಗಿತ್ತು. ಮೂರು ವರ್ಷ ಮೀರಿಯೂ ತಾಳೆಯಾಗದೆ ಉಳಿದ ನಮೂದುಗಳಲ್ಲಿ ಖರ್ಚಿನ ಬಾಬು ಜಮೆಗಿಂತ ಎಷ್ಟು ಹೆಚ್ಚೋ ಅಷ್ಟನ್ನೂ ಬ್ಯಾಂಕು ತನ್ನ ಲಾಭದಿಂದ ತೆಗೆದಿಡಬೇಕೆಂದು ಅದು ವಿಧಿಸಿತು. ಈ ಅವಧಿಯನ್ನು ಕ್ರಮೇಣ ಆರು ತಿಂಗಳಿಗೆ ಇಳಿಸಿತು. ಅದುವರೆಗೆ ಗುಮಾಸ್ತರ ಕೊಠಡಿಯ ಕಷ್ಟವಾಗಿದ್ದುದು ಅಂದಿನಿಂದ ನಿರ್ದೇಶಕ ಮಂಡಲಿಯ ಕಷ್ಟವಾಯಿತು. ಕಾಣದ ಋಣಕ್ಕೆ ವಯಸ್ಸನ್ನೂ ಬೆಲೆಯನ್ನೂ ಕಟ್ಟಿದುದೇ ಈ ಕ್ರಮದ ಮರ್ಮ.

ಯಂತ್ರಗಳು ಬಂದುದರಿಂದ ಋಣ ತಾನಾಗಿ ಹರಿಯಿತೆಂದು ತಿಳಿಯುವುದು ಭ್ರಮೆ. 1983ರಲ್ಲಿ ನೌಕರರ ಸಂಘಟನೆಗಳೊಡನೆ ಆದ ಒಪ್ಪಂದ, 1984ರ ರಂಗರಾಜನ್ ಸಮಿತಿಯ ವರದಿ, ಇವುಗಳ ಬಳಿಕ ಖಾತೆ ಬರೆಯುವ ಯಂತ್ರಗಳು ಬಂದವು. 2001ರ ಜನವರಿ 1ರೊಳಗೆ ಶೇಕಡ 70ರಷ್ಟು ವ್ಯವಹಾರ ಗಣಕೀಕೃತವಾಗಬೇಕೆಂದು ಕೇಂದ್ರ ಜಾಗೃತ ಆಯೋಗ ಆಜ್ಞಾಪಿಸಿತು. ಮೊದಲು ಒಂದೊಂದು ಶಾಖೆಯೂ ತನ್ನ ತನ್ನ ಗಣಕದಲ್ಲಿ ಲೆಕ್ಕವಿಟ್ಟುಕೊಂಡಿತು. ಪುಸ್ತಕದ ತಪ್ಪುಗಳೇ ಯಂತ್ರದೊಳಕ್ಕೆ ಹೋದವು. ಎಲ್ಲ ಶಾಖೆಗಳನ್ನೂ ಒಂದೇ ಕೇಂದ್ರಕ್ಕೆ ಜೋಡಿಸುವ ಕೋರ್ ಬ್ಯಾಂಕಿಂಗ್ ಬಂದಾಗ ಅವನ್ನು ಒಂದೊಂದಾಗಿ ತಿದ್ದಬೇಕಾಯಿತು. ಇದಕ್ಕೆ ತುಸು ಮುಂಚೆ, 2000-01ರ ಸ್ವಯಂನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಮಂದಿ ಹೊರನಡೆದಿದ್ದರು. ಅನಾಮತ್ತು ಖಾತೆಯಲ್ಲಿದ್ದ ಹಳೆಯ ಮೊತ್ತ ಯಾರದು, ಯಾವ ಕಾಗದದ ಕಟ್ಟಿನಲ್ಲಿ ಅದರ ಮೂಲವಿದೆ ಎಂಬುದನ್ನು ಬಲ್ಲ ಹಿರಿಯರೂ ಅವರಲ್ಲಿದ್ದರು. ಸಂಬಳದ ವೆಚ್ಚ ಇಳಿದುದು ಪುಸ್ತಕದಲ್ಲಿ ಕಂಡಿತು. ನಶಿಸಿದ ತಿಳಿವಳಿಕೆ ಯಾವ ಪುಟದಲ್ಲಿಯೂ ಕಾಣಲಿಲ್ಲ.

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನಲ್ಲಿ ಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು. ಕೆನರಾ, ಸಿಂಡಿಕೇಟ್ ಎರಡೂ ಒಂದೇ ಮೂಲದ ತಂತ್ರಾಂಶವನ್ನು ಬಳಸುತ್ತಿದ್ದುದನ್ನು ಈ ಜೋಡಣೆಗೆ ಅನುಕೂಲವೆಂದು 2019ರ ಘೋಷಣೆಯಲ್ಲಿಯೇ ಎತ್ತಿ ಹೇಳಲಾಗಿತ್ತು. ಎರಡು ಸಂಸ್ಥೆಗಳು ಒಂದಾಗುವಾಗ ಕೇವಲ ಬಂಡವಾಳವನ್ನಲ್ಲ, ಲೆಕ್ಕದ ಪದ್ಧತಿಗಳನ್ನೂ ಹೊಂದಿಸಿ ನೋಡಬೇಕೆಂಬ ಅರಿವು ಈ ಮಾತಿನಲ್ಲಿದೆ. ಅದು ನೂರು ವರ್ಷದ ಅನುಭವ ಕಲಿಸಿದ ಪಾಠ.

ಬೆಳೆಯುವ ಸಂಸ್ಥೆ ಋಣರಹಿತವಾಗಿರಲಾರದು. ಇಂದಿನ ಕೆಲಸ ನಡೆಯಬೇಕಾದರೆ ನಾಳೆಗೆ ಕೆಲವನ್ನು ಬಿಡಲೇಬೇಕಾಗುತ್ತದೆ. ಬಿಟ್ಟುದನ್ನು ಬರೆದಿಡುವುದು, ಅದಕ್ಕೆ ಅವಧಿಯನ್ನು ಕಟ್ಟುವುದು, ಅವಧಿ ಮೀರಿದುದರ ಬೆಲೆಯನ್ನು ಲಾಭದಿಂದಲೇ ತೆರುವುದು, ಬಲ್ಲವರು ಹೊರಡುವ ಮುನ್ನ ಅವರ ತಿಳಿವಳಿಕೆಯನ್ನು ಕಾಗದಕ್ಕಿಳಿಸುವುದು: ಬ್ಯಾಂಕುಗಳ ಚರಿತ್ರೆಯಿಂದ ದೊರೆಯುವ ಉಪಾಯಗಳು ಇಷ್ಟೇ. ಆರ್ಬತ್‌ನಾಟನ ಬಾಗಿಲಲ್ಲಿ ನಿಂತ ಏಳು ಸಾವಿರ ಮಂದಿಗೂ, ಉಡುಪಿಯ ಬೀದಿಯಲ್ಲಿ ಎರಡಾಣೆ ಕೊಟ್ಟು ಚೀಟಿ ಪಡೆದ ಅಂಗಡಿಯವನಿಗೂ ಒಳಗಿನ ಪುಸ್ತಕ ಕಾಣುತ್ತಿರಲಿಲ್ಲ. ತಾಳೆಯಾಗದ ಪ್ರತಿಯೊಂದು ನಮೂದೂ ಕೊನೆಗೆ ಅಂಥವರ ಹೆಸರಿನಲ್ಲಿ ಮಾಡಿದ ಸಾಲವೇ ಆಗಿದೆ.