ತೊಟ್ಟವಳೇ ಮಾಡಿದ ಒಡವೆ

ಒಡವೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಲೋಹದ ಚರಿತ್ರೆಯನ್ನು, ರತ್ನಗಳ ಚರಿತ್ರೆಯನ್ನು, ಅವುಗಳನ್ನು ಮಾಡಿಸಿದ ಅರಸರ ಚರಿತ್ರೆಯನ್ನು ಬರೆದಿದ್ದಾರೆ. ಯಾವ ಗಣಿಯ ವಜ್ರ, ಎಷ್ಟು ತೂಕದ ಚಿನ್ನ, ಯಾರ ಕಿರೀಟವನ್ನು ಏರಿತು, ಯಾರ ಬೊಕ್ಕಸವನ್ನು ಸೇರಿತು ಎಂಬ ವಿವರಗಳೆಲ್ಲ ನಮಗೆ ದೊರೆಯುತ್ತವೆ. ಅದನ್ನು ತೊಟ್ಟ ಹೆಂಗಸಿಗೆ ಅದು ಒತ್ತುತ್ತಿತ್ತೇ, ಚುಚ್ಚುತ್ತಿತ್ತೇ, ಅದರ ಭಾರಕ್ಕೆ ಅವಳ ಕಿವಿ ಜೋತುಬಿತ್ತೇ ಎಂಬುದನ್ನು ಮಾತ್ರ ಕೇಳಿದವರು ವಿರಳ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪ್ರಶ್ನೆಯನ್ನು ಕೇಳಿ, ಅದಕ್ಕೆ ಬೆಳ್ಳಿಯಲ್ಲಿ ಉತ್ತರ ಕೊಟ್ಟ ಇಟಲಿಯ ಮಹಿಳೆಯೊಬ್ಬಳ ವಿಚಾರವನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ. ಆಕೆಯ ಹೆಸರು ಎಲ್ಸಾ ಪೆರೆಟ್ಟಿ. ಮೊದಲು ರೂಪದರ್ಶಿಯಾಗಿದ್ದು, ಅನಂತರ ಆಭರಣಗಳ ವಿನ್ಯಾಸಗಾರ್ತಿಯಾದವಳು.

ಎಲ್ಸಾ ಹುಟ್ಟಿದ್ದು 1940ರ ಮೇ 1ರಂದು, ಫ್ಲಾರೆನ್ಸ್ ನಗರದಲ್ಲಿ. ತಂದೆ ಫರ್ಡಿನಾಂಡೊ ಪೆರೆಟ್ಟಿ 1933ರಲ್ಲಿ ಪೆಟ್ರೋಲಿಯಂ ಕಂಪನಿಯೊಂದನ್ನು ಸ್ಥಾಪಿಸಿ ಅಪಾರ ಸಂಪತ್ತನ್ನು ಗಳಿಸಿದವರು. ಮಗಳು ಮನಸ್ಸು ಮಾಡಿದ್ದರೆ ಬೇಕಾದ ವಜ್ರವನ್ನು ಕೊಂಡು ತೊಟ್ಟು ಕಾಲ ಕಳೆಯಬಹುದಾಗಿತ್ತು. ಆದರೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಆಕೆ ಮನೆಯ ಹೊಸ್ತಿಲು ದಾಟಿದಳು. ಸ್ವಿಟ್ಜರ್ಲೆಂಡಿನಲ್ಲಿ ಫ್ರೆಂಚ್ ಪಾಠ ಹೇಳಿದಳು. ಹಿಮದ ಮೇಲೆ ಜಾರುವ ಸ್ಕೀ ಆಟವನ್ನು ಕಲಿಸಿದಳು. ಮುಂದೆ ಮನೆಗಳ ಒಳಾಂಗಣ ವಿನ್ಯಾಸವನ್ನು ಅಭ್ಯಾಸ ಮಾಡಿ, ಮಿಲಾನಿನ ವಾಸ್ತುಶಿಲ್ಪಿಯೊಬ್ಬರ ಕೈಕೆಳಗೆ ದುಡಿದಳು. 1964ರಲ್ಲಿ ಸ್ಪೇನಿನ ಬಾರ್ಸಿಲೋನಾಕ್ಕೆ ಹೋಗಿ ರೂಪದರ್ಶಿಯ ವೃತ್ತಿಯನ್ನು ಹಿಡಿದಳು. ಸಂಪ್ರದಾಯನಿಷ್ಠವಾದ ಆ ಮನೆತನಕ್ಕೆ ಇದು ಸಹ್ಯವಾಗಲಿಲ್ಲ. ತವರಿನ ಹಣದ ನೆರವು ನಿಂತುಹೋಯಿತು.

1968ರಲ್ಲಿ ಆಕೆ ನ್ಯೂಯಾರ್ಕಿಗೆ ಬಂದಳು. ರೂಪದರ್ಶಿಯ ವೃತ್ತಿ ಒಂದು ವಿಚಿತ್ರವಾದ ವೃತ್ತಿ. ಆಕೆಯ ಮೈ ಎಲ್ಲರಿಗೂ ಕಾಣುತ್ತದೆ. ಹೆಸರು ಮಾತ್ರ ಉಡುಪನ್ನು ಕಲ್ಪಿಸಿದವನದು. ಅವಳು ನಿಲ್ಲಬೇಕು, ತಿರುಗಬೇಕು, ಹೇಳಿದಷ್ಟು ನಗಬೇಕು. ಆದರೆ ಆ ಕೆಲಸವೇ ಒಂದು ಶಿಕ್ಷಣವೂ ಹೌದು. ಯಾವ ಬಟ್ಟೆ ಮೈಯೊಡನೆ ನಡೆಯುತ್ತದೆ, ಯಾವುದು ಮೈಯನ್ನು ತಡೆಯುತ್ತದೆ ಎಂಬುದು ಕಾಗದದ ಮೇಲೆ ಚಿತ್ರ ಬರೆಯುವವನಿಗಿಂತ ತೊಟ್ಟು ನಡೆಯುವವಳಿಗೆ ಮೊದಲು ತಿಳಿಯುತ್ತದೆ. ಎಲ್ಸಾಳ ಮುಂದಿನ ಸಾಧನೆಯ ಬೀಜ ಇಲ್ಲಿದೆಯೆಂದು ನನ್ನ ಭಾವನೆ.

ಆ ಬೀಜ ಮೊಳೆತದ್ದು 1969ರಲ್ಲಿ. ಹಳೆಯ ಸಾಮಾನುಗಳ ಸಂತೆಯಲ್ಲಿ ಸಿಕ್ಕಿದ ಒಂದು ಚಿಕ್ಕ ಹೂದಾನಿಯನ್ನು ಕಂಡು, ಅದರಂತೆ ಎರಡು ಅಂಗುಲದ ಬೆಳ್ಳಿಯ ಪುಟ್ಟ ಕುಪ್ಪಿಯೊಂದನ್ನು ಸ್ಪೇನಿನ ಬೆಳ್ಳಿ ಕೆಲಸಗಾರನಿಂದ ಮಾಡಿಸಿದಳು. ಅದಕ್ಕೆ ಚರ್ಮದ ದಾರ ಕಟ್ಟಿ, ಒಳಗೆ ಒಂದು ಹೂವಿಟ್ಟು, ಕೊರಳಿಗೆ ಇಳಿಬಿಟ್ಟರೆ ಅದೇ ಪದಕ. ಜೊರ್ಜೊ ಸ್ಯಾಂಟ್ ಏಂಜೆಲೊ ಎಂಬ ವಸ್ತ್ರವಿನ್ಯಾಸಕನ ಪ್ರದರ್ಶನದಲ್ಲಿ ರೂಪದರ್ಶಿಯೊಬ್ಬಳು ಅದನ್ನು ತೊಟ್ಟು ಬಂದಾಗ ನೋಡಿದವರೆಲ್ಲ ಮರುಳಾದರು. ಹೂವಿಗೆ ಹೋಲುವ ಒಡವೆಯನ್ನು ಲೋಕ ಬಹಳ ಕಂಡಿತ್ತು. ಹೂವನ್ನೇ ಹೊತ್ತ ಒಡವೆ ಅಪರೂಪದ್ದು. 1971ರ ವೇಳೆಗೆ ಆಕೆ ಹಾಲ್ಸ್ಟನ್ ಎಂಬ ಪ್ರಸಿದ್ಧ ವಿನ್ಯಾಸಕನಿಗಾಗಿ ಆಭರಣಗಳನ್ನು ರಚಿಸುತ್ತಿದ್ದಳು. ಅದೇ ವರ್ಷ ಅಮೆರಿಕದ ಕೋಟಿ ಪ್ರಶಸ್ತಿ ಆಕೆಗೆ ಸಂದಿತು.

ಆಕೆಯ ಕೃತಿಗಳಲ್ಲಿ ಪ್ರಸಿದ್ಧವಾದುದು 1970ರಲ್ಲಿ ರಚಿಸಿದ ‘ಎಲುಬಿನ ಕಡಗ’. ಇದರ ಹಿಂದೆ ಬಾಲ್ಯದ ಒಂದು ನೆನಪಿದೆ. ರೋಮಿನಲ್ಲಿ ಕಪುಚಿನ್ ಸಂನ್ಯಾಸಿಗಳ ಇಗರ್ಜಿಯೊಂದುಂಟು. ಅದರ ನೆಲಮಾಳಿಗೆಯಲ್ಲಿ ಸಾವಿರಾರು ಮೃತ ಸಂನ್ಯಾಸಿಗಳ ಎಲುಬುಗಳನ್ನು ಗೋಡೆಗೂ ಚಾವಣಿಗೂ ಜೋಡಿಸಿ ಚಿತ್ತಾರ ಬಿಡಿಸಿದ್ದಾರೆ. ಬಾಲಕಿ ಎಲ್ಸಾ ಅಲ್ಲಿಗೆ ಹೋದಾಗಲೆಲ್ಲ ಒಂದೊಂದು ಎಲುಬನ್ನು ಚೀಲದಲ್ಲಿಟ್ಟು ತರುತ್ತಿದ್ದಳಂತೆ. ತಾಯಿ ಅದನ್ನು ಹಿಂದಿರುಗಿಸಿ ಬರಲು ಕಳುಹಿಸುತ್ತಿದ್ದಳಂತೆ. ಆ ನೆನಪಿನೊಡನೆ ಬಾರ್ಸಿಲೋನಾದಲ್ಲಿ ಗೌಡಿ ಕಟ್ಟಿದ ‘ಕಾಸಾ ಮಿಲಾ’ ಸೌಧದ ಅಲೆಯಲೆಯಾದ ಗೋಡೆಗಳು ಸೇರಿಕೊಂಡು ಈ ಕಡಗ ಹುಟ್ಟಿತು. ಇದು ಮಣಿಕಟ್ಟಿನ ಗೆಣ್ಣಿಗೆ ಜಾಗ ಬಿಟ್ಟು, ಅದರ ಉಬ್ಬನ್ನೇ ಅನುಸರಿಸಿ ಬಾಗಿದೆ. ಎಡಗೈಗೆ ಒಂದು ರೂಪ, ಬಲಗೈಗೆ ಇನ್ನೊಂದು. ನಮ್ಮ ಎರಡು ಕೈಗಳು ಒಂದರ ಪ್ರತಿಬಿಂಬ ಇನ್ನೊಂದೆಂಬ ಸರಳ ಸತ್ಯವನ್ನು ಗೌರವಿಸಿದ ಕಡಗ ಇದು.

ಇನ್ನು ಬೆಳ್ಳಿಯ ಮಾತು. ನಮ್ಮ ಮನೆಗಳಲ್ಲಿ ಸೊಂಟದ ಮೇಲಕ್ಕೆ ಚಿನ್ನ, ಕೆಳಕ್ಕೆ ಬೆಳ್ಳಿ ಎಂಬ ತಾರತಮ್ಯವನ್ನು ಬಲ್ಲ ನಮಗೆ, ನ್ಯೂಯಾರ್ಕಿನ ಸಿರಿವಂತರೂ ಬೆಳ್ಳಿಯನ್ನು ಕೆಳದರ್ಜೆಯದೆಂದು ಎಣಿಸಿದ್ದರೆಂದರೆ ಆಶ್ಚರ್ಯವಾಗದು. 1837ರಲ್ಲಿ ಆರಂಭವಾದ ಟಿಫಾನಿ ಎಂಬ ಹೆಸರುವಾಸಿಯಾದ ಅಂಗಡಿ, ಕಾಲು ಶತಮಾನದಿಂದ ಬೆಳ್ಳಿಯ ಒಡವೆಯನ್ನೇ ಮಾರಿರಲಿಲ್ಲ. 1974ರಲ್ಲಿ ಅದು ಎಲ್ಸಾಳೊಡನೆ ಒಪ್ಪಂದ ಮಾಡಿಕೊಂಡಿತು. ಅವರೆಕಾಳಿನಂಥ ಪದಕ, ನಡುವೆ ಬಯಲಿರುವ ಹೃದಯಾಕಾರ, ಹಾವು, ಕುಪ್ಪಿ, ಇವೆಲ್ಲ ಬೆಳ್ಳಿಯಲ್ಲಿ ಅಲ್ಲಿ ಮಾರಾಟಕ್ಕೆ ಬಂದುವು. ವಜ್ರವನ್ನೂ ಆಕೆ ಬಿಡಲಿಲ್ಲ. ತೆಳುವಾದ ಚಿನ್ನದ ಸರಪಳಿಯಲ್ಲಿ ಅಲ್ಲೊಂದು ಇಲ್ಲೊಂದು ಚಿಕ್ಕ ವಜ್ರವನ್ನು ಕೂರಿಸಿ ‘ಗಜದ ಲೆಕ್ಕದ ವಜ್ರ’ ಎಂದು ಹೆಸರಿಟ್ಟಳು. ಬಟ್ಟೆಯನ್ನು ಅಳೆಯುವಂತೆ ವಜ್ರವನ್ನು ಅಳೆಯುವುದೆಂದರೆ ಅದರ ಬಿಗುಮಾನವನ್ನು ಇಳಿಸಿದಂತೆಯೇ ಸರಿ. ಆಕೆ ಚಿನ್ನದ ಸಣ್ಣ ಸಣ್ಣ ಕೊಂಡಿಗಳನ್ನು ಹೆಣೆದು, ಬಟ್ಟೆಯಂತೆ ಜಾರುವ ಜಾಲರಿಯ ಒಡವೆಗಳನ್ನೂ ಮಾಡಿಸಿದಳು. ಅದಕ್ಕೆ ಪ್ರೇರಣೆ ದೊರೆತದ್ದು ನಮ್ಮ ದೇಶದ ಜೈಪುರದಲ್ಲಿ ಎಂಬುದು ಸ್ಮರಣೀಯ.

ಈ 1974 ಎಂಬ ಇಸವಿಯನ್ನು ಚರಿತ್ರೆಯ ವಿದ್ಯಾರ್ಥಿಗಳು ಇನ್ನೊಂದು ಕಾರಣಕ್ಕೂ ಗುರುತಿಸಬೇಕು. ಅಲ್ಲಿಯವರೆಗೆ ಅಮೆರಿಕದಲ್ಲಿ ಮದುವೆಯಾದ ಹೆಂಗಸು ಸಾಲ ಕೇಳಿದರೆ ಗಂಡನ ಸಹಿ ತರಲು ಹೇಳುವುದು ವಾಡಿಕೆಯಾಗಿತ್ತು. ಹೆಂಗಸೆಂಬ ಕಾರಣಕ್ಕೆ ಸಾಲ ನಿರಾಕರಿಸಬಾರದೆಂಬ ಶಾಸನಕ್ಕೆ ಆ ವರ್ಷದ ಅಕ್ಟೋಬರಿನಲ್ಲಿ ಅಂಕಿತ ಬಿದ್ದಿತು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಆದರೆ ಎರಡೂ ಒಂದೇ ಗಾಳಿಯಲ್ಲಿ ಬೆಳೆದ ಬೆಳೆಗಳು. ತಂದೆ ಮಾಡಿಸಿದ್ದು, ಗಂಡ ಕೊಟ್ಟದ್ದು ಎಂಬ ಎರಡೇ ದಾರಿಯಿಂದ ಬರುತ್ತಿದ್ದ ಒಡವೆಯನ್ನು, ಕಚೇರಿಯಲ್ಲಿ ದುಡಿಯುವ ಹೆಂಗಸು ತನ್ನ ಸಂಬಳದಿಂದ ತಾನೇ ಕೊಳ್ಳುವ ಕಾಲ ಬಂದಿತ್ತು. ಬೆಳ್ಳಿ ಅದಕ್ಕೆ ಒದಗಿತು.

ಎಲ್ಲವನ್ನೂ ಹೊಗಳಿಕೆಯಲ್ಲಿ ಮುಗಿಸುವುದು ನ್ಯಾಯವಲ್ಲ. ಸಿರಿವಂತರ ಬೀದಿಯ ಆ ಅಂಗಡಿಯಲ್ಲಿ ಬೆಳ್ಳಿಯೂ ಬಡವರಿಗೆ ಎಟುಕುವಂತಿರಲಿಲ್ಲ. ವಿನ್ಯಾಸಗಾರ್ತಿಯ ಹೆಸರೇ ಒಂದು ಸರಕಾಯಿತು. ಆದರೆ ಆ ಹೆಸರಿನ ಬೆಲೆಯನ್ನು ಆಕೆ ಬಲ್ಲವಳಾಗಿದ್ದಳು. 2012ರಲ್ಲಿ ನಿವೃತ್ತಳಾಗುವ ಮಾತು ಬಂದಾಗ, ಆ ಸಂಸ್ಥೆಯ ಮಾರಾಟದಲ್ಲಿ ನೂರಕ್ಕೆ ಸುಮಾರು ಹತ್ತು ಪಾಲು ಆಕೆಯ ವಿನ್ಯಾಸಗಳದೇ ಆಗಿತ್ತು. ಆ ವರ್ಷದ ಕೊನೆಗೆ ಸಂಸ್ಥೆ 4 ಕೋಟಿ 70 ಲಕ್ಷ ಡಾಲರಿಗೂ ಮಿಕ್ಕ ಹಣ ತೆತ್ತು ಮತ್ತೆ 20 ವರ್ಷಗಳ ಒಪ್ಪಂದ ಪಡೆಯಿತು. ಒಮ್ಮೆ ಇನ್ನೊಬ್ಬರ ಹೆಸರಿನ ಉಡುಪನ್ನು ತೊಟ್ಟು ನಡೆದವಳ ಹೆಸರಿಗೆ ಸಂದ ಬೆಲೆ ಇದು.

ತಂದೆಯೊಡನೆ ಮುರಿದ ಸಂಬಂಧ, 1977ರಲ್ಲಿ ಅವರು ತೀರಿಕೊಳ್ಳುವ ಮುನ್ನ ಕೂಡಿಕೊಂಡಿತು. 2000ದಲ್ಲಿ ಅವರ ಹೆಸರಿನಲ್ಲೇ ಆಕೆ ಧರ್ಮಾರ್ಥ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದಳು. ಸ್ಪೇನಿನ ಕ್ಯಾಟಲೋನಿಯದಲ್ಲಿ ಸಾಂತ್ ಮಾರ್ತಿ ವೆಲ್ ಎಂಬ ಪಾಳುಬಿದ್ದ ಹಳ್ಳಿಯ ಮನೆಗಳನ್ನು ಒಂದೊಂದಾಗಿ ಕೊಂಡು, ಕಲ್ಲಿಗೆ ಕಲ್ಲು ಕೂಡಿಸಿ ಜೀರ್ಣೋದ್ಧಾರ ಮಾಡಿಸಿದಳು. ಅಲ್ಲಿಯೇ 2021ರ ಮಾರ್ಚ್ 18ರಂದು, 80ನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಆ ವೇಳೆಗಾಗಲೇ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಆಕೆಯ 30 ಕೃತಿಗಳನ್ನು 2009ರಲ್ಲಿ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತ್ತು.

ಅರಸರ ಕಿರೀಟಗಳಿರುವ ಕಡೆ ಈ ಬೆಳ್ಳಿಯ ಕಾಳಿಗೂ ಸ್ಥಳ ದೊರೆತದ್ದು ಸಣ್ಣ ಸಂಗತಿಯಲ್ಲ. ಮುಂದೆ ಒಡವೆಯ ಚರಿತ್ರೆಯನ್ನು ಬರೆಯುವವರು, ಅದರ ತೂಕವನ್ನು ಕೇಳಿದ ಮೇಲೆ, ತೊಟ್ಟ ಕೈ ಎಡಗೈಯೋ ಬಲಗೈಯೋ ಎಂಬುದನ್ನೂ ಒಮ್ಮೆ ಕೇಳಲಿ.