ಕೇಳಿಸದ ಕಚೇರಿ

ಮೊನ್ನೆ ರಾತ್ರಿ ನಿದ್ದೆ ಬರದೆ ಯೂಟ್ಯೂಬಿನಲ್ಲಿ ಬೀಟಲ್ಸ್ ತಂಡದ ಹಳೇ ವಿಡಿಯೋ ನೋಡ್ತಾ ಕೂತಿದ್ದೆ. 1965ರ ಆಗಸ್ಟ್ 15, ನ್ಯೂಯಾರ್ಕಿನ ಶೇ ಸ್ಟೇಡಿಯಂ. ಸೇರಿದ್ದವರು ಸುಮಾರು 55,000 ಜನ! ಆದ್ರೆ ಹಾಡು ಕೇಳಿಸಿದ್ದು ಯಾರಿಗೆ?

ಅವತ್ತಿನ ಸಲಕರಣೆ ನೋಡಿ... ಗಿಟಾರುಗಳಿಗೆ ವಾಕ್ಸ್ ಕಂಪನಿಯ 100 ವಾಟ್ ಆಂಪ್ಲಿಫೈಯರುಗಳು. ಹಾಡುವ ದನಿಗೆ, ಬೇಸ್‌ಬಾಲ್ ಆಟದ ವೇಳೆ ಪ್ರಕಟಣೆ ಹೇಳಲು ಹಾಕಿದ್ದ ಧ್ವನಿವರ್ಧಕಗಳು. ಈಗ ಹಾಡುಗಾರರಿಗೆ ಅವರದೇ ದನಿ ಕೇಳಿಸಲಿ ಅಂತ ವೇದಿಕೆ ಮೇಲೆ ಸ್ಪೀಕರ್ ಇಡ್ತಾರಲ್ಲ, ಅದೂ ಇರಲಿಲ್ಲ. ಅಷ್ಟು ಜನರ ಕಿರುಚಾಟದ ಮುಂದೆ ಇದೆಲ್ಲ ಯಾವ ಲೆಕ್ಕ? ಆ ದಿನಗಳ ಕಚೇರಿಗಳಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ರಿಂಗೋ ಸ್ಟಾರ್, ಮುಂದೆ ನಿಂತವರ ಮೈ ಅಲುಗಾಟ ನೋಡಿ ಹಾಡು ಎಲ್ಲಿಗೆ ಬಂತು ಅಂತ ಅಂದಾಜು ಮಾಡ್ತಿದ್ರಂತೆ!

ನನ್ನ ಇಂಜಿನಿಯರ್ ತಲೆಗೆ ಹೊಳೆದಿದ್ದು ಇಷ್ಟು: ಫೀಡ್‌ಬ್ಯಾಕ್ ಇಲ್ಲದ ಸಿಸ್ಟಂ ಹಳಿ ತಪ್ಪದೇ ಇರುತ್ತಾ? ಸರಿಯಾಗಿ ನುಡಿಸಿದರೂ ಕಿರುಚಾಟ, ತಪ್ಪು ನುಡಿಸಿದರೂ ಅದೇ ಕಿರುಚಾಟ. ಕಲಾವಿದನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಾ?

ಮರುವರ್ಷ, 1966ರ ಆಗಸ್ಟ್ 29ರಂದು, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಅರ್ಧ ಗಂಟೆ ಹಾಡಿದರು. ಟಿಕೆಟ್ ಇಟ್ಟು ಅವರು ಮಾಡಿದ ಕೊನೇ ಕಚೇರಿ ಅದು. ಆಮೇಲೆ ಊರೂರು ಸುತ್ತೋದನ್ನೇ ಬಿಟ್ರು. ನವೆಂಬರಿನಲ್ಲಿ ಲಂಡನ್ನಿನ ಸ್ಟುಡಿಯೋ ಸೇರಿ ತಿಂಗಳುಗಟ್ಟಲೆ ಕೂತರು. ನಾಲ್ಕೇ ಟ್ರ್ಯಾಕಿನ ಟೇಪ್ ಯಂತ್ರದಲ್ಲಿ ದನಿಯ ಮೇಲೆ ದನಿ ಪೇರಿಸಿದರು. 1967ರಲ್ಲಿ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಂ ಬಂತು. ವೇದಿಕೆ ಮೇಲೆ ನಾಲ್ಕೇ ಜನ ನುಡಿಸಲಾಗದಂಥ ಸಂಗೀತ!

ಅಭಿಮಾನಿಗಳು ಸುಮ್ನೆ ಕೂತು ಕೇಳಿದ್ದಿದ್ರೆ ಈ ಆಲ್ಬಂ ಹುಟ್ಟುತ್ತಿತ್ತಾ? ಆ ಗದ್ದಲಕ್ಕೆ ಬೈಬೇಕೋ, ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗ್ತಿಲ್ಲ. ನೀವೇನಂತೀರಿ?