ವ್ಯಾಗನ್ ದುರಂತ: 1711 ನಂಬರಿನ ಗೂಡ್ಸ್ ಬೋಗಿಯ ಕಥೆ

ಮಂಗಳೂರು, ಕಾಸರಗೋಡಿನಿಂದ ಶೊರನೂರು ಕಡೆಗೆ ರೈಲಲ್ಲಿ ಹೋಗುವವರೆಲ್ಲ ತಿರೂರು ಸ್ಟೇಷನ್ ದಾಟಿಯೇ ಹೋಗ್ಬೇಕು. ಮಲಬಾರಿನ ಚರಿತ್ರೆಯಲ್ಲಿ ಮರೆಯಲಾಗದ 'ವ್ಯಾಗನ್ ಟ್ರಾಜಿಡಿ' ಶುರುವಾದದ್ದು ಇದೇ ಸ್ಟೇಷನ್‌ನಿಂದ.

ಹಿನ್ನೆಲೆ

1921ರ ಆಗಸ್ಟ್‌ನಲ್ಲಿ ಮಲಬಾರಿನಲ್ಲಿ ಬ್ರಿಟಿಷರ ವಿರುದ್ಧ ಬಂಡಾಯ ಎದ್ದಿತು. ಸಾವಿರಾರು ಜನರ ಬಂಧನವಾಗಿ ಅಲ್ಲಿನ ಜೈಲುಗಳು ತುಂಬಿಹೋದವು. ಹಾಗಾಗಿ ಕೈದಿಗಳನ್ನು ಹೊರಗಿನ ಜೈಲುಗಳಿಗೆ ಸಾಗಿಸತೊಡಗಿದರು. ಅವುಗಳಲ್ಲಿ ಇಂದಿನ ಕರ್ನಾಟಕದ ಬಳ್ಳಾರಿ ಜೈಲೂ ಒಂದು. ಮನುಷ್ಯರನ್ನು ಒಯ್ಯಲು ಬಳಸಿದ್ದು ಮಾತ್ರ ಸಾಮಾನು ಸಾಗಿಸುವ ಬೋಗಿಗಳನ್ನು.

ಆ ರಾತ್ರಿ

1921ರ ನವೆಂಬರ್ 19ರ ಸಂಜೆ ಸುಮಾರು 100 ಕೈದಿಗಳನ್ನು 1711 ನಂಬರಿನ ಬೋಗಿಗೆ ತುಂಬಿ, ಬಾಗಿಲು ಭದ್ರಪಡಿಸಿ, ರೈಲಿಗೆ ಜೋಡಿಸಲಾಯಿತು. ಹೆಚ್ಚಿನವರು ಮಾಪಿಳ್ಳರು, ಕೆಲವರು ಹಿಂದೂಗಳು. ಸರಿಯಾಗಿ ನಿಲ್ಲಲೂ ಜಾಗ ಇರಲಿಲ್ಲ. ಗಾಳಿಗೆ ಇದ್ದದ್ದು ಸಣ್ಣ ತಂತಿ ಜಾಲರಿ. ಅದರ ತೂತುಗಳೂ ಬಣ್ಣ, ಧೂಳಿನಿಂದ ಮುಚ್ಚಿಹೋಗಿದ್ದವು.

ಒಳಗಿದ್ದವರು ನೀರು, ಗಾಳಿಗಾಗಿ ಕೂಗಿಕೊಂಡರು. ಕಾವಲಿನ ಪೊಲೀಸರು ಅದೇ ರೈಲಿನಲ್ಲಿದ್ದರು. ದಾರಿಯ ಸ್ಟೇಷನ್‌ಗಳಲ್ಲಿ ರೈಲು ನಿಂತರೂ ಬಾಗಿಲು ತೆರೆಯಲಿಲ್ಲ. ಮಧ್ಯರಾತ್ರಿ ಕಳೆದ ಮೇಲೆ ಕೊಯಮತ್ತೂರು ಸಮೀಪದ ಪೋದನೂರಿನಲ್ಲಿ ಬಾಗಿಲು ತೆರೆದಾಗ 56 ಮಂದಿ ಉಸಿರುಗಟ್ಟಿ ಸತ್ತಿದ್ದರು. ಉಳಿದವರಲ್ಲಿ ಹಲವರು ನಂತರ ಕೊನೆಯುಸಿರೆಳೆದು, ಸತ್ತವರ ಸಂಖ್ಯೆ 70ಕ್ಕೆ ಏರಿತು.

ಮಯ್ಯಿತ್‌ಗಳು ಮರಳಿ ಬಂದದ್ದೂ ರೈಲಿನಲ್ಲೇ, ತಿರೂರಿಗೇ. ಅಲ್ಲಿನ ಕೋರಂಗತ್ ಮತ್ತು ಕೋಟ್ ಜುಮಾ ಮಸೀದಿಗಳ ಖಬರ್‌ಸ್ಥಾನದಲ್ಲಿ ದಫನ ಮಾಡಲಾಯಿತು.

ತನಿಖೆ

ಎ. ಆರ್. ನ್ಯಾಪ್ ನೇತೃತ್ವದ ಸಮಿತಿ ತನಿಖೆ ನಡೆಸಿತು. ಅದಕ್ಕೂ ಮೊದಲು ಇಂಥ ಬೋಗಿಗಳಲ್ಲೇ ಕೈದಿಗಳನ್ನು ಹಲವು ಸಲ ಸಾಗಿಸಲಾಗಿತ್ತು ಎಂಬುದೂ ಬೆಳಕಿಗೆ ಬಂತು. ಅಂದರೆ ಆ ರಾತ್ರಿ ನಡೆದದ್ದು ಒಬ್ಬ ಅಧಿಕಾರಿಯ ಕೈತಪ್ಪು ಮಾತ್ರ ಅಲ್ಲ, ರೂಢಿಯಾಗಿಬಿಟ್ಟಿದ್ದ ನಿರ್ಲಕ್ಷ್ಯ. ಆದರೂ ಇಷ್ಟು ಸಾವುಗಳಿಗೆ ಯಾರಿಗೂ ಶಿಕ್ಷೆಯಾಗಲಿಲ್ಲ.

ಉಳಿದಿರುವ ನೆನಪು

ತಿರೂರಿನಲ್ಲಿ ಇಂದು ವ್ಯಾಗನ್ ದುರಂತ ಸ್ಮಾರಕ ಟೌನ್ ಹಾಲ್ ಇದೆ. ಬೋಗಿಯ ಆಕಾರ ಅಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. 2018ರಲ್ಲಿ ತಿರೂರು ಸ್ಟೇಷನ್ ಗೋಡೆಯ ಮೇಲೆ ಈ ಘಟನೆಯ ಚಿತ್ರ ಬರೆಸಲಾಗಿತ್ತು. ಆಕ್ಷೇಪ ಬಂದ ಮೇಲೆ ರೈಲ್ವೆ ಅದನ್ನು ಅಳಿಸಿಹಾಕಿತು. ಗೋಡೆಯ ಚಿತ್ರ ಹೋಯಿತು, ಖಬರ್‌ಗಳು ಅಲ್ಲೇ ಇವೆ. ಆ ದಾರಿಯಲ್ಲಿ ಹೋಗುವ ನಮ್ಮ ಯುವಕರು ತಿರೂರಿನಲ್ಲಿ ಒಮ್ಮೆ ಇಳಿದು ನೋಡಿ ಬರಬಹುದು.